ಮೂರನೇ ಪ್ರೆಸ್ಸಿನ ಎಡಗಡೆ ಗುಂಡಿ

ಮತ್ತೆ ಆ ಟೇಪು, ಹಳದಿ, ತಗಡು ಒತ್ತುವ ಮೂರನೇ ಪ್ರೆಸ್ಸಿನ ಎಡಗಡೆ ಗುಂಡಿಯ ಮೇಲೆ, ಇವತ್ತು ಹೊಸದಾಗಿ ಹಚ್ಚಿದ್ದು, ಮಿಕುನಿಯ ಹೆಬ್ಬೆಟ್ಟಿನ ಎಣ್ಣೆ ಗುರುತು ಇನ್ನೂ ಹೊಳೀತಿದೆ — ಎರಡು ಗುಂಡಿ ಎರಡು ಕೈಯಲ್ಲಿ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು, ಒಂದಕ್ಕೆ ಟೇಪು ಬಿಗಿದರೆ ಒಂದು ಕೈಗೆ ಬಿಡುವು, ಬಿಡುವಾದ ಕೈ ಅಚ್ಚಿನೊಳಗೆ, ನಿಮಿಷಕ್ಕೆ ನಾಲ್ಕು ತಗಡು ಜಾಸ್ತಿ, ಇಡೀ ಒಸಾಕಾದಲ್ಲಿ ನಿನ್ನಂಥ ಅಂಜುಬುರುಕಿ ಇಲ್ಲ ಕಣೇ ಟೋಮಿಯೆ ಅಂತ ಮಿಕುನಿ ನಗುತ್ತಾಳೆ, ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದವಳು, ಪ್ಲಮ್ ಉಪ್ಪಿನಕಾಯಿ ಕೊಟ್ಟು ನನ್ನ ಮೊಟ್ಟೆ ಕದಿಯುವವಳು, ಅವಳ ಕೈ — ಅಪಾಯ ಕಂಡರೆ ತಿಳಿಸೋ ಚೀಟಿ ಹಾಕಬಹುದು, ಪೆಟ್ಟಿಗೆ ಇರುವುದೇ ಅದಕ್ಕೆ, ಕುಸಾಕಾ ಮೇಸ್ತ್ರಿ ಪಾಪ ಎಷ್ಟು ಒದ್ದಾಡಿ ಸುಲಭ ಮಾಡಿದ್ದಾನೆ, ಹೆಸರು ಬೇಡ, ಅಕ್ಷರ ಬೇಡ, ಚಿತ್ರದ ಮೇಲೊಂದು ಸುತ್ತು ಹಾಕಿದರೆ ಸಾಕು, ಒರಿಕಾಸಾ-ಸಾನ್ ಇನ್ನೂ ಏನ್ ಸುಲಭ ಮಾಡ್ಲಿ ಹೇಳಿ ಅಂತ ನನ್ನನ್ನೇ ಕೇಳ್ತಾನೆ, ಆದರೆ ನಾವಿರೋದು ಎಂಟೇ ಜನ, ಪೆನ್ನು ದಾರದಲ್ಲಿ ನೇತಾಡೋದು ಅವನ ಮೇಜಿನ ಪಕ್ಕ, ಟೇಪಿನ ಚಿತ್ರವಂತೂ ಚೀಟಿಯಲ್ಲಿಲ್ಲ, ಮೆಟ್ಟಿಲಿದೆ, ತಿಂಗಳಿಗೆ ತಲೆಗೊಂದು ಚೀಟಿ ಕಡ್ಡಾಯ, ಹಾಗಾಗಿ ಹನ್ನೊಂದು ವರ್ಷದಿಂದ ನಾನು ತಿಂಗಳಿಗೊಮ್ಮೆ ತಪ್ಪದೆ ಒದ್ದೆ ಮೆಟ್ಟಿಲ ಮೇಲೆ ಜಾರುತ್ತೇನೆ, ಕಾಗದದಲ್ಲಿ, ಮಿಕುನಿ ಬೆಕ್ಕು ಎಡವುತ್ತಾಳೆ, ಕಾರ್ಖಾನೆಯಲ್ಲಿ ಬೆಕ್ಕೇ ಇಲ್ಲ — ಸಾಲು ನಿಂತಾಯಿತು, ಕೆಲಸಕ್ಕೆ ಮುಂಚಿನ ಬೆರಳು ತೋರಿಸುವ ಶಾಸ್ತ್ರ, ಕುಸಾಕಾ ಕೂಗುತ್ತಾನೆ ನೆಲ, ಎಂಟು ಬೆರಳು ನೆಲಕ್ಕೆ, ನೆಲ ಸರಿ, ಎಣ್ಣೆ, ಎಣ್ಣೆ ಸರಿ, ಹಳೇ ಮೇಸ್ತ್ರಿ ನಡುಬೆರಳಲ್ಲಿ ತೋರಿಸುತ್ತಿದ್ದ, ತೋರುಬೆರಳು ಇದೇ ಪ್ರೆಸ್ಸಿಗೆ ಹೋಗಿತ್ತು, ನಾವು ನಗು ತಡೆದುಕೊಂಡು ಸರಿ ಅಂದೆವು, ಬೆರಳು ಹೋದ ದಿನವೂ ಬೋರ್ಡಿನ ಮೇಲೆ ಅಪಘಾತವಿಲ್ಲದ ದಿನ ಎಂದೇ ಬರೆದರು — ಗುಂಡಿ, ಎಂಟು ಬೆರಳೂ ನೆಟ್ಟಗೆ ಹಳದಿ ಟೇಪಿಗೆ, ಮಿಕುನಿಯದೂ, ಗುಂಡಿ ಸರಿ, ಏಳು ಬಾಯಿ, ನನ್ನದು ತೆರೆಯಲಿಲ್ಲ, ಬೆರಳು ಇಳಿಯುತ್ತಿಲ್ಲ, ಒರಿಕಾಸಾ-ಸಾನ್ ಗಂಟಲು ಕೆಟ್ಟಿದ್ಯಾ ಅಂತಾನೆ ಕುಸಾಕಾ, ಗಂಟಲು ಚೆನ್ನಾಗೇ ಇದೆ, ಮತ್ತೆ ಏನು ಅಂತಾನೆ, ಇಳಿಸೇ ಮಾರಾಯ್ತಿ ಎಲ್ರೂ ನೋಡ್ತಿದಾರೆ ಅಂತ ಮಿಕುನಿ ಪಿಸುಗುಟ್ಟುತ್ತಾಳೆ, ನೋಡಲಿ, ಕುಸಾಕಾ ನನ್ನ ಮುಖ ನೋಡೋದು ಬಿಟ್ಟ, ಬೆರಳಿನ ತುದಿಯ ನೇರಕ್ಕೆ ಕಣ್ಣು ಹಾಯಿಸುತ್ತಿದ್ದಾನೆ, ಇಷ್ಟು ವರ್ಷದಲ್ಲಿ ತೋರಿಸಿದ ಕಡೆ ಒಬ್ಬರು ನೋಡುವುದು ಇದೇ ಮೊದಲು, ಹಳದಿ, ಟೇಪು, ಅದರ ಮೇಲೆ ಹೆಬ್ಬೆಟ್ಟಿನ ಎಣ್ಣೆ ಗುರುತು, ಇಡೀ ಹೆಬ್ಬೆಟ್ಟು, ಇನ್ನೂ ಇಡೀ —