ಎಡಕ್ಕೆ ನಿಂತವನು

"ಲೇ, ದೂರ ನಿಂತ್ಕೊಳ್ಳೋ ಬೋಳಿಮಗನೆ!" ದೊರೆಸ್ವಾಮಿ ಮೊಣಕೈಯಿಂದ ತಿವಿದ.

ತನಿಯ ಒಂದು ಹೆಜ್ಜೆ ಬಲಕ್ಕೆ ಸರಿದ. ಸಾಲಿನಲ್ಲಿ ಸಂದು ಬಿತ್ತು. ತರಬೇತಿ ಕೊಡುತ್ತಿದ್ದ ಬಿಳಿಯ ಮತ್ತೆ ಕಿರುಚಿದ.

ತೊಂಬತ್ತಾರರ ಮೇ ತಿಂಗಳ ಶುಕ್ರವಾರ. ಕೊಲ್ಲಿ ದೇಶದ ದುಖಾನ್ ರಸ್ತೆಯಿಂದ ಒಳಗೆ, ಮರಳಿನಲ್ಲಿ, ನಲವತ್ತು ಮಂದಿ ಕಟ್ಟಡದ ಕೂಲಿಗಳು ಗ್ರೀಕ್ ಸೈನಿಕರಾಗಿ ನಿಂತಿದ್ದರು. ಹಳೆಯ ಕಾಲದ ಯುದ್ಧಗಳ ಬಗ್ಗೆ ವಿದೇಶಿ ಟೀವಿಯವರ ಶೂಟಿಂಗ್. ರಜೆಯ ದಿನ ಆಳುಗಳನ್ನು ಒದಗಿಸಿದವನು ಸೂಪರ್‌ವೈಸರ್ ಗಿರಿಧರ್, ಮೈಸೂರಿನವನು. "ಇದೊಂದು ಮುಗಿಸ್ಕೊಡ್ರಪ್ಪ, ಮುಂದಿನ ತಿಂಗಳೇ ಊರಿಗೆ ಕಳಿಸ್ತೀನಿ" ಎಂದಿದ್ದ. ಬಂಟ್ವಾಳದ ಕಡೆಯ ತನಿಯ ಊರು ನೋಡಿ ನಾಲ್ಕು ವರ್ಷವಾಗಿತ್ತು. ಅವನು ಹೊರಟಾಗ ಹೊಟ್ಟೆಯಲ್ಲಿದ್ದ ಮಗಳು ಈಗ ಫೋನಿನಲ್ಲಿ ಮಾತಾಡುತ್ತಿದ್ದಳು.

ಬಿಳಿಯ ಹೇಳಿದ್ದನ್ನು ಗಿರಿಧರ್ ಕನ್ನಡದಲ್ಲಿ ಕೂಗಿದ. "ಗುರಾಣಿ ಎಡಗೈಯಲ್ಲಿ! ಅರ್ಧ ನಿನ್ನನ್ನ ಮುಚ್ಚಬೇಕು, ಅರ್ಧ ಎಡಗಡೆ ಇರೋನ್ನ. ಭುಜಕ್ಕೆ ಭುಜ ತಾಗ್ಬೇಕು. ಒಬ್ಬ ಸರಿದ್ರೆ ಪಕ್ಕದೋನು ಸತ್ತ!"

"ಈ ಕೇರಿಯವನ ಮೈಗೆ ಮೈ ತಾಗಿಸ್ಬೇಕಾ ಸಾ?" ಮಂಡ್ಯದ ಬಡಗಿ ದೊರೆಸ್ವಾಮಿ ಕೇಳಿದ.

ಗಿರಿಧರ್ ನಕ್ಕ. "ರೂಮಿಗೋಗಿ ಸ್ನಾನ ಮಾಡ್ಕೊಳ್ಳಯ್ಯ. ಯಲ್ಲಾ, ಯಲ್ಲಾ, ಬೇಗ ನಿಂತ್ಕೊಳ್ಳಿ!"

ಮಧ್ಯಾಹ್ನದ ಹೊತ್ತಿಗೆ ತಗಡಿನ ಟೋಪಿ ಕಾದು ತಲೆ ಬೇಯುತ್ತಿತ್ತು. ಎದುರಿನಿಂದ ಆರು ಕುದುರೆಗಳು ನುಗ್ಗಿ ಬಂದವು. ಹತ್ತಡಿ ದೂರದಲ್ಲಿ ತಿರುಗಬೇಕಿತ್ತು. ಐದು ತಿರುಗಿದವು. ಆರನೆಯದು ನೇರ ದೊರೆಸ್ವಾಮಿಯ ಮೇಲೆ ಬಂತು.

"ಅಯ್ಯೋ ತನಿಯಾ!"

ತನಿಯ ಸರಿಯಲಿಲ್ಲ. ಪ್ಲೈವುಡ್ಡಿನ ಗುರಾಣಿಯನ್ನು ಎಡಕ್ಕೆ ಚಾಚಿ ಅವನನ್ನು ಪೂರ್ತಿ ಮುಚ್ಚಿದ. ಗೊರಸು ಬಡಿದ ಸದ್ದಿನ ಜೊತೆಗೇ ತನ್ನ ಎಡಗೈ ಮೂಳೆ ಮುರಿದದ್ದು ಅವನಿಗೆ ಕೇಳಿಸಿತು.

ಆಸ್ಪತ್ರೆ ತಲುಪುವವರೆಗೂ ದೊರೆಸ್ವಾಮಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. "ನೀನು ನನ್ನ ಒಡಹುಟ್ಟಿದೋನು ಕಣ್ಲಾ." ಅಷ್ಟು ನೋವಿನಲ್ಲೂ ಆ ಮಾತು ತನಿಯನಿಗೆ ಹಿತವಾಗಿತ್ತು.

ಮೂರನೆಯ ದಿನ ಗಿರಿಧರ್ ಆಫೀಸಿಗೆ ಕರೆಸಿದ. ಬಾಗಿಲ ಬಳಿ ದೊರೆಸ್ವಾಮಿ ನಿಂತಿದ್ದ.

"ಹೆಬ್ಬೆಟ್ಟು ಒತ್ತು. ಸಂಜೆ ಫ್ಲೈಟು, ಊರಿಗೆ."

"ಎಂತ ಬರ್ದದ್ದು ಸಾರ್ ಇದ್ರಲ್ಲಿ?"

"ಅರೇಬಿಕ್. ನಿಂಗ್ಯಾಕೆ?"

"ಹೇಳದಿದ್ರೆ ನಾನು ಒತ್ತುದಿಲ್ಲ."

"ರಜೆ ದಿನ ಕುಡಿದು ರೂಮಲ್ಲಿ ಬಿದ್ದು ಕೈ ಮುರ್ಕೊಂಡೆ ಅಂತ. ಸಾಕಾ? ಶುಕ್ರವಾರ ನಿಮ್ಮನ್ನ ಕರ್ಕೊಂಡೋಗಿದ್ದು ಕಂಪನಿಗೆ ಗೊತ್ತಾದ್ರೆ ನನ್ನ ಕೆಲ್ಸ ಖಲಾಸ್."

"ನಾನು ಕುಡಿಯುದೇ ಇಲ್ಲ!"

"ಸಾಕ್ಷಿ ಇದ್ದಾನಲ್ಲ." ಗಿರಿಧರ್ ಹಾಳೆಯ ಕೆಳಗೆ ಬೆರಳಿಟ್ಟ. ಸೊಟ್ಟ ಕನ್ನಡ ಅಕ್ಷರಗಳು: ದೊರೆಸ್ವಾಮಿ.

ತನಿಯ ತಿರುಗಿ ನೋಡಿದ. "ನೀನಾ?"

"ನಂಗೂ ಹೆಂಡ್ತಿ ಮಕ್ಳವ್ರೆ ಕಣ್ಲಾ" ಎಂದ ದೊರೆಸ್ವಾಮಿ, ನೆಲ ನೋಡುತ್ತ. "ನೀನೆಂಗೂ ಊರಿಗೆ ಹೋಗೋನು..."

"ಒತ್ತೋ ಸೂಳೆಮಗನೆ!" ಗಿರಿಧರ್ ಮೇಜು ಗುದ್ದಿದ.

ತನಿಯ ಮಸಿಯ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದ. ಗಿರಿಧರನ ಜೇಬಿನಿಂದ ಪೆನ್ನು ಕಿತ್ತುಕೊಂಡ. ಏಳನೆಯ ತರಗತಿಯವರೆಗೆ ಓದಿದವನು ಅವನು. ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅರಬ್ಬಿ ಸಾಲುಗಳ ಮೇಲೆ, ಕಂಪನಿಯ ಮೊಹರಿನ ಮೇಲೆ, ಹಾಳೆ ಹರಿಯುವಂತೆ ಒತ್ತಿ ಬರೆದ: ಇದು ಸುಳ್ಳು. ಕುದುರೆ ತುಳಿದದ್ದು. ತನಿಯ.

ಆಮೇಲೆ ಪೆನ್ನನ್ನು ದೊರೆಸ್ವಾಮಿಯ ಕಡೆ ಚಾಚಿದ.

"ಈಗ ನೀನು ಬರಿ. ಎಂತ ಆದದ್ದೋ ಅದನ್ನೇ ಬರಿ."

ದೊರೆಸ್ವಾಮಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಗಿರಿಧರ್ ಫೋನು ಎತ್ತಿ ಯಾರನ್ನೋ ಕರೆಯುತ್ತಿದ್ದ. ತನಿಯ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.