ಕೇಳಿ ಕೊಂಡ ಗರಗಸ

ಮರ ಕಡಿಯುವವನಿಗೆ ಊರು ಇಟ್ಟ ಹೆಸರು ರೇಡಿಯೊ. ಅವನ ಬಾಯಲ್ಲಿ ಹುಟ್ಟದ ಸದ್ದಿಲ್ಲ. ಚಳಿಗೆ ಮುನಿಸಿಕೊಂಡ ಸ್ಕೂಟರು, ನಲ್ಲಿಯಲ್ಲಿ ನೀರಿಗೆ ಮೊದಲು ಬರುವ ಗಾಳಿ, ಹೊಸ ಹಲ್ಲು ಕಟ್ಟಿಸಿಕೊಂಡ ಅಂಚೆ ಮಾಸ್ತರರ ಸೀಟಿ ಹೊಡೆಯುವ ಸಕಾರ, ಯಾವುದನ್ನು ಕೇಳಿದರೂ ನಿಂತ ಕಾಲಲ್ಲೇ ತೆಗೆದುಕೊಡುತ್ತಿದ್ದ. ಇನ್ನು ಗರಗಸದ ವಿಷಯಕ್ಕೆ ಬಂದರಂತೂ ಅವನದು ನಿಜವಾಗಿಯೂ ಬಾಯಿ ಬಡಾಯಿ: ಬಾಯಲ್ಲೇ ದಾರ ಎಳೆದು, ಬಾಯಲ್ಲೇ ಎಂಜಿನ್ ಹತ್ತಿಸಿ, ಬಾಯಲ್ಲೇ ಮರ ಉರುಳಿಸಿ, ಕೊನೆಗೆ ಓಡಿಹೋಗುವ ನಾಯಿಯನ್ನೂ ಸೇರಿಸುತ್ತಿದ್ದ.

ಅವನು ಎಂದೂ ಅನುಕರಿಸದ ದನಿ ಒಂದೇ. ಅದು ಹೆಂಡತಿಯದು.

ಗಂಡ ಮೇಲೆ, ಹೆಂಡತಿ ಕೆಳಗೆ, ಇದು ಮರದ ಕೆಲಸದಲ್ಲಿ ಅವರ ಏರ್ಪಾಡು. ಮನೆಗೆ ಹೋದ ಮೇಲೆ ಇದು ತಿರುಗಾಮುರುಗಾ ಆಗುತ್ತದೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅವನು ಹತ್ತಿ ಕೊಂಬೆ ಕೊಯ್ಯಬೇಕು. ಕೊಂಬೆಗೆ ಕಟ್ಟಿದ ಹಗ್ಗವನ್ನು ಬುಡಕ್ಕೆ ಸುತ್ತು ಹಾಕಿ ಹಿಡಿದು, ತೂಗುವ ಕೊಂಬೆಯನ್ನು ಮಗುವನ್ನು ಮಲಗಿಸಿದ ಹಾಗೆ ನೆಲಕ್ಕೆ ಇಳಿಸುವುದು ಅವಳ ಕೆಲಸ. ಹೋದ ವರ್ಷ ಹೀಗೆಯೇ ಒಂದು ಕೊಂಬೆ ಕೊಯ್ಯುವಾಗ ಅದು ಬುಡದಲ್ಲಿ ಸೀಳುತ್ತಿರುವುದು ಕೆಳಗಿದ್ದ ಅವಳ ಕಣ್ಣಿಗೆ ಬಿತ್ತು. ಕೂಗಿದಳು. ಅವನ ಕಿವಿಯ ಮೇಲೆ ಸದ್ದು ತಡೆಯುವ ಮುಚ್ಚಳ, ಕೈಯಲ್ಲಿ ಪೆಟ್ರೋಲ್ ಗರಗಸದ ಆರ್ಭಟ. ಕೊಯ್ಯುವುದನ್ನು ನಿಲ್ಲಿಸಿದಾಗಲೂ ಎಂಜಿನ್ನು ಗುರುಗುಟ್ಟುತ್ತಲೇ ಇರುತ್ತದೆ. ಮರದ ಮೇಲೆ ಜೋತಾಡುತ್ತ ಸಲಸಲಕ್ಕೂ ಆರಿಸಿ ಮತ್ತೆ ದಾರ ಎಳೆಯುವ ತಾಳ್ಮೆ ಯಾರಿಗಿದೆ? ಅವಳು ಬಾಯಿ ಅಗಲಿಸಿ ಕೈ ಬೀಸುವುದನ್ನು ಕಂಡ ರೇಡಿಯೊ, ತನ್ನನ್ನು ಹುರಿದುಂಬಿಸುತ್ತಿದ್ದಾಳೆಂದು ತಿಳಿದು, ತಾನೂ ಕೈ ಬೀಸಿ ನಕ್ಕ. ಆ ನಗು ಮುಖದಲ್ಲಿ ಇರುವಾಗಲೇ ಕೊಂಬೆ ಮುರಿದು ಭುಜಕ್ಕೆ ಬಡಿದಿತ್ತು.

ಭುಜದ ಮೂಳೆ ಕೂಡಿಕೊಂಡಿತು. ಆವತ್ತು ಕೂಗಿ ಕೂಗಿ ಒಡೆದ ಅವಳ ಗಂಟಲು ಮಾತ್ರ ಕೂಡಿಕೊಳ್ಳಲಿಲ್ಲ. ದನಿ ತರಗೆಲೆಯ ಮೇಲೆ ನಡೆದಂತೆ ಆಗಿ, ಹಾಗೆಯೇ ಉಳಿಯಿತು.

ಈಗ ಹಳೆಯ ಗರಗಸ ಪೂರ್ತಿ ಕೈಕೊಟ್ಟಿತ್ತು. ಅದೇ ಹೊತ್ತಿಗೆ ಅಂಚೆ ಕಚೇರಿಯ ಹಿಂದಿನ ದೊಡ್ಡ ಮರದ ಕೆಲಸ ಬಂದಿತ್ತು. ಬುಡ ಒಂದು, ಕವಲು ಎರಡು: ಒಂದು ಕವಲು ಹಸಿರಾಗಿ ನಿಂತಿದ್ದರೆ, ಇನ್ನೊಂದು ಒಣಗಿ ಹೆಂಚಿನ ಮಾಡಿನ ಮೇಲೆ ವಾಲಿಕೊಂಡಿತ್ತು. ಒಣಗಿದ್ದನ್ನು ತೆಗೆದು ಹಸಿರನ್ನು ಉಳಿಸಬೇಕು.

"ಮೆಷಿನ್ ತಗೊಳ್ಳಿ, ಬೇಡ ಅನ್ನಲ್ಲ," ಎಂದಳು ಹೆಂಡತಿ. "ಆದ್ರೆ ನಾನು ಕರೆದ್ರೆ ನಿಮಗೆ ಕೇಳಿಸ್ಬೇಕು. ಕೂಗಿದ್ರೆ ಅಲ್ಲ, ಕರೆದ್ರೆ. ಕೂಗೋ ಗಂಟಲು ಖರ್ಚಾಗಿ ಹೋಯ್ತು. ಅಂಥ ಮೆಷಿನ್ ಸಿಗ್ಲಿಲ್ವಾ, ಹಗ್ಗ ಬೇರೆ ಯಾರ ಕೈಗಾದ್ರೂ ಕೊಡಿ."

ಬೇರೆ ಯಾರ ಕೈಗೆ? ಭುಜ ನೋಯುತ್ತಿದ್ದ ದಿನಗಳಲ್ಲಿ ಒಬ್ಬನನ್ನು ಇಟ್ಟುಕೊಂಡು ನೋಡಿದ್ದ. ಮೇಲಿಂದ ಇಣುಕಿದರೆ ಆ ಮಹಾಶಯ ಹಗ್ಗವನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಅವಳ ಕೈ ಬಿಟ್ಟರೆ ತನಗೆ ಮರವೇ ಇಲ್ಲ ಎಂಬುದು ರೇಡಿಯೊಗೆ ಗೊತ್ತಿತ್ತು. ಮರ ಬಿಟ್ಟರೆ ತನಗೆ ಬೇರೇನು ಬರುತ್ತದೆ? ಸೀಟಿ ಹೊಡೆಯುವ ಸಕಾರ.

ಗಂಡ ಹೆಂಡಿರು ಗ್ಯಾರಂಟಿ ಮಾವನ ಅಂಗಡಿಗೆ ಹೋದರು. ಮಾತಿಗೊಮ್ಮೆ 'ಗ್ಯಾರಂಟಿ' ಎನ್ನುವ ಆ ಮುದುಕ ಯಾರಿಗೂ ಮಾವನಲ್ಲ, ಆದರೆ ಊರಿಗೆಲ್ಲ ಮಾವ. ಉದ್ದನೆಯ ಅಂಗಡಿಯ ಒಳಗೆ ಹೊಸ ರಬ್ಬರು ಮತ್ತು ಎಣ್ಣೆಯ ವಾಸನೆ. ಹುಲ್ಲು ಕತ್ತರಿಸುವ ಮೆಷಿನ್ನುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಎಲೆ ಊದುವ ಮೆಷಿನ್ನುಗಳು ಸೊಂಡಿಲು ಇಳಿಬಿಟ್ಟು ಮೇಲಿನಿಂದ ತೂಗುತ್ತಿದ್ದವು. ಮೊಳೆಗಳ ತುಂಬ ಚೈನುಗಳ ಮಾಲೆ. ರೇಡಿಯೊ ಬಾಗಿಲಲ್ಲೇ ಕಾಲು ಮರೆತು ನಿಂತ. ಎಷ್ಟು ಸಲ ಬಂದರೂ ಅವನಿಗೆ ಹೀಗೆಯೇ: ಇಷ್ಟೊಂದು ಗಂಟಲುಗಳು, ಒಂದೂ ಬಾಯಿ ಬಿಟ್ಟಿಲ್ಲ!

"ಮಾವಾ, ಮೆಷಿನ್ನನ್ನ ನೋಡಿ ಕೊಳ್ಳಬಾರದು, ಕೇಳಿ ಕೊಳ್ಳಬೇಕು," ಎಂದ.

"ಕೊಂಡ ಮೇಲೆ ನೋಡಿಕೊಳ್ಳಬೇಕಪ್ಪಾ," ಎಂದ ಮಾವ. "ನೋಡಿಕೊಳ್ಳದೆ ನನ್ ಹತ್ರ ಬಂದು ಕೇಳಿಕೊಂಡ್ರೆ ನಾನೇನು ಮಾಡ್ಲಿ?"

ಹಿತ್ತಲಲ್ಲಿ ಕವೆಗಳ ಮೇಲೆ ಒಂದು ದಪ್ಪ ದಿಮ್ಮಿ ಮಲಗಿಸಿತ್ತು. ಮೊದಲು ಬಂದದ್ದು ಕೆಂಪು ಬಣ್ಣದ ಹೊಸ ಗರಗಸ, ಮೈಮೇಲೆ ಹುಲಿಯ ಚಿತ್ರ. ಒಂದೇ ಎಳೆತಕ್ಕೆ ಹತ್ತಿಕೊಂಡು, ಪಕ್ಕದ ಮನೆಯ ಬೆಕ್ಕು ಗೋಡೆ ಹಾರುವಂತೆ ಅಬ್ಬರಿಸಿತು. ರೇಡಿಯೊನ ಮುಖ ಅರಳಿತು. ಒಂದು ಕೊಯ್ತ ಕೊಯ್ದು, ಎಂಜಿನ್ನು ಗುರುಗುಟ್ಟುತ್ತಿರುವಂತೆಯೇ ಅದರ ಬೆನ್ನು ನೀವುತ್ತ ನಿಂತ. ಹಿಂದೆ, ಗೋಡೆಯ ಪಕ್ಕ ನಿಂತಿದ್ದ ಹೆಂಡತಿ ತನ್ನ ತರಗೆಲೆಯ ದನಿಯಲ್ಲಿ, "ನಿಮ್ಮಮ್ಮ ಬಂದಿದಾರೆ," ಎಂದಳು.

ರೇಡಿಯೊ ಹುಲಿಯ ತಲೆ ಸವರುತ್ತಿದ್ದ.

"ಹೆತ್ತ ತಾಯಿ ಬಂದ್ರೂ ತಿರುಗಿ ನೋಡ್ದಿರೋ ಮೆಷಿನ್ನು," ಎಂದಳು ಮಾವನಿಗೆ. "ಇದು ಬೇಡ."

"ಬೇಡ ಅಂದಿದ್ದೇ ಒಳ್ಳೇದಾಯ್ತು ತಂಗೀ," ಎಂದ ಮಾವ ಎಂಜಿನ್ನು ಆರಿಸುತ್ತ. ಮುಚ್ಚಳ ತೆಗೆದು, ಬೆರಳಿಂದ ಒತ್ತಿದರೆ ಬಾಗುವ ಪ್ಲಾಸ್ಟಿಕ್ಕು ತೋರಿಸಿದ. "ಒಂದು ಮಳೆಗಾಲ ಕೂಗತ್ತೆ. ಆಮೇಲೆ ನೀವು ಕೂಗಬೇಕು. ಬಿಡಿಭಾಗ ಎಲ್ಲೂ ಸಿಗಲ್ಲ. ಸಿಗಲ್ಲ ಅನ್ನೋದಕ್ಕೆ ಮಾತ್ರ ನನ್ನ ಗ್ಯಾರಂಟಿ."

ಎರಡನೆಯದು ಗಟ್ಟಿ ಕುಳ. ಲೋಹದ ಮೈ, ಹಿಡಿಕೆಗೂ ಎಂಜಿನ್ನಿಗೂ ನಡುವೆ ಸ್ಪ್ರಿಂಗು, ಕೈಗೆ ನಡುಕವೇ ಬಾರದು. ಹಿಡಿಕೆಯ ಮುಂದಿದ್ದ ಬ್ರೇಕಿನ ತಡೆಯನ್ನು ಮಣಿಕಟ್ಟಿನಿಂದ ತಳ್ಳಿದರೆ, ಕಣ್ಣಿಗೆ ಕಾಣದ ವೇಗದಲ್ಲಿ ಓಡುತ್ತಿದ್ದ ಚೈನು ಗಕ್ಕನೆ ಕಲ್ಲಾಗುತ್ತಿತ್ತು. ಮಾವ ಒಂದು ರಟ್ಟನ್ನು ಮುಂದೆ ಹಿಡಿದು ಗರಗಸದ ಮೂತಿಯನ್ನು ಅದರತ್ತ ತಿರುಗಿಸಿ ಓಡಿಸಿದ; ಚೈನಿನಿಂದ ಚಿಮ್ಮಿದ ಎಣ್ಣೆ ರಟ್ಟಿನ ಮೇಲೆ ಒಂದು ನೇರ ಗೆರೆ ಎಳೆಯಿತು. "ನೋಡು, ಗೆರೆ ಬಂತು ಅಂದ್ರೆ ಚೈನಿಗೆ ಎಣ್ಣೆ ಹೋಗ್ತಿದೆ ಅಂತ. ಗೆರೆ ಬರದ ಮೆಷಿನ್ನಿಗೆ ಹಣೆಬರಹಾನೂ ಇಲ್ಲ." ರೇಡಿಯೊ ಅದನ್ನು ಮಾವನ ಕೈಯಿಂದ ತೆಗೆದುಕೊಂಡ. ದಿಮ್ಮಿಯ ಮೇಲೆ ಇಟ್ಟ. ಗರಗಸ ತನ್ನ ತೂಕದಲ್ಲೇ ಕೆಳಗಿಳಿಯಿತು. ಮರದ ಪುಡಿಯಲ್ಲ, ಅಂಗೈ ತುಂಬುವಂಥ ಸಿಬಿರು ಧಾರೆಯಾಗಿ ಬಿತ್ತು. ತನ್ನ ಆಯುಸ್ಸು ಮುಗಿದರೂ ಇದರದು ಮುಗಿಯುವುದಿಲ್ಲ ಅನ್ನಿಸಿ ಅವನಿಗೆ ಮೈ ಜುಮ್ಮೆಂದಿತು.

"ಮನೆ ಬಾಗಿಲು ಹಾಕೋದು ಮರೆತು ಬಂದಿದೀರಿ," ಎಂದಳು ಹಿಂದಿನಿಂದ.

ಗುರ್ ಗುರ್ ಗುರ್, ಎಂದಿತು ಗರಗಸ.

ಅದನ್ನು ಆರಿಸಿ ಅವನು ತಿರುಗಿದಾಗ ಅವಳು ತಲೆಯಾಡಿಸಿದಳು. ಅವನು ಅದನ್ನು ಕೆಳಗಿಟ್ಟ ರೀತಿ ನೋಡಿ ಮಾವನೇ ಮುಖ ಬೇರೆ ಕಡೆ ತಿರುಗಿಸಿದ.

ಆಮೇಲೆ ಮಾವ ಒಳಗಿಂದ ತಂದದ್ದು ಬ್ಯಾಟರಿಯ ಗರಗಸ. ದಾರವಿಲ್ಲ, ಪೆಟ್ರೋಲಿಲ್ಲ, ಹೊಗೆ ಕೊಳವೆಯಿಲ್ಲ. ರೇಡಿಯೊ ಅದನ್ನು ಎತ್ತಿ, ಅಳಿಯನ ಮನೆಯಲ್ಲಿ ಮೊದಲ ಸಲ ತಟ್ಟೆ ನೋಡಿದ ಬೀಗರ ಹಾಗೆ ಮುಖ ಮಾಡಿದ.

"ಇದ್ರಲ್ಲಿ ಮರ ಕೊಯ್ಯೋದಾ, ಗಡ್ಡ ಹೆರೆಯೋದಾ?" ಎಂದು, ಬಾಯಲ್ಲೇ ಕ್ಷೌರದ ಮೆಷಿನ್ನು ಓಡಿಸಿ, ಮಾವನ ಕೆನ್ನೆಯ ತನಕ ಕೈ ತಂದ. "ಒಂದು ವರ್ಷಕ್ಕೆ ಆಟದ ಸಾಮಾನು ಆಗತ್ತೆ ಮಾವಾ."

ಮಾವ ಸಿಟ್ಟಾಗಲಿಲ್ಲ. ಗೋಡೆಯ ಮೂಲೆಯಿಂದ ಅದೇ ಬಗೆಯ ಇನ್ನೊಂದನ್ನು ತಂದಿಟ್ಟ. ಬಣ್ಣವೆಲ್ಲ ತಿಕ್ಕಿ ಹೋಗಿತ್ತು, ಹಿಡಿಕೆ ನುಣುಪಾಗಿತ್ತು. "ಇದು ನಂದು. ನಾಲ್ಕನೇ ಮಳೆಗಾಲ ನೋಡ್ತಾ ಇದೆ. ಹೊಸದನ್ನ ಹೊಗಳೋಕೆ ಯಾವ ಬಾಯಾದ್ರೂ ಸಾಕು. ನೀನು ಹಳೇದನ್ನ ಬಿಚ್ಚಿ ನೋಡು."

ಬಿಚ್ಚಿದರು. ಒಳಗೆ ಸವೆದ ಹಲ್ಲುಚಕ್ರ ಒಂದು, ಅದೂ ಬದಲಿಸಬಹುದಾದದ್ದು. ಅದು ಬಿಟ್ಟರೆ ಎಲ್ಲ ಬಿಗಿಯಾಗಿ, ಚೊಕ್ಕಟವಾಗಿ, ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ರೇಡಿಯೊ ಕಿರುಬೆರಳಿಂದ ಮುಟ್ಟಿ ನೋಡಿ, ಹೊಸದನ್ನು ಕೈಗೆತ್ತಿಕೊಂಡ. ರಟ್ಟಿನ ಮೇಲೆ ಗೆರೆ ಬಂತು. ತಡೆ ತಳ್ಳಿದರೆ ಚೈನು ಕಲ್ಲಾಯಿತು. ದಿಮ್ಮಿಗೆ ಇಟ್ಟ, ಕೊಯ್ಯುವ ಸದ್ದೇನೋ ಇತ್ತು, ಆದರೆ ಅದು ಮರಕ್ಕೂ ಹಲ್ಲಿಗೂ ನಡುವಿನ ಜಗಳವಷ್ಟೇ, ನಡುವೆ ಬಾಯಿ ಹಾಕುವ ಎಂಜಿನ್ನಿಲ್ಲ. ತುಂಡು ಬಿತ್ತು. ಬೆರಳು ತೆಗೆದ.

ಏನೂ ಇಲ್ಲ. ಗುರುಗುರು ಇಲ್ಲ, ನಡುಕವಿಲ್ಲ. ಗೋಡೆಯಾಚೆ ಯಾರೋ ಪಾತ್ರೆ ಇಟ್ಟದ್ದು ಕೇಳಿತು.

"ಪ್ಯಾಂಟು ಹಿಂದೆ ಹರಿದಿದೆ ಕಣ್ರೀ."

ರೇಡಿಯೊನ ಎಡಗೈ ತಾನಾಗಿ ಹಿಂದಕ್ಕೆ ಹೋಯಿತು.

ಮಾವ ದಿಮ್ಮಿಯ ಮೇಲೆ ಕೈಯಿಟ್ಟು, ಕೆಮ್ಮು ಬರುವವರೆಗೆ ನಕ್ಕ. ಹೆಂಡತಿ ನಗಲಿಲ್ಲ. ಅವಳು ಗಂಡನ ಆ ಎಡಗೈಯನ್ನೇ ನೋಡುತ್ತ ನಿಂತಿದ್ದಳು. ಪ್ಯಾಂಟು ಹರಿದಿರಲಿಲ್ಲ.

"ಬ್ಯಾಟರಿ ಎರಡು ಕೊಡಿ ಮಾವಾ," ಎಂದಳು. "ಒಂದು ಓಡ್ತಿರುವಾಗ ಇನ್ನೊಂದು ಹೊಟ್ಟೆ ತುಂಬಿಸ್ಕೊಳ್ಳಲಿ."

ಮರುದಿನ ಅಂಚೆ ಕಚೇರಿಯ ಹಿತ್ತಲಿಗೆ ಬಂದಾಗ ಬೆಳಗಿನ ಬಿಸಿಲು ಹಸಿರು ಕವಲಿನ ಎಲೆಗಳಲ್ಲಿತ್ತು. ಅಂಚೆ ಮಾಸ್ತರರು ಜನರನ್ನೆಲ್ಲ ಮುಂಬಾಗಿಲ ಕಡೆ ಕಳಿಸಿ, ತಾವು ಕಿಟಕಿಯ ಒಳಗೆ ನಿಂತರು. ರೇಡಿಯೊ ತನ್ನ ಮೈಭಾರ ಹೊರುವ ಮುಖ್ಯ ಹಗ್ಗವನ್ನು ಗಟ್ಟಿಯಾದ ಹಸಿರು ಕವಲಿಗೆ ಹಾಕಿ ಹತ್ತಿದ. ಒಣ ಕವಲಿನ ತುದಿಗೆ ಇಳಿಸುವ ಹಗ್ಗ ಕಟ್ಟಿ, ಅದನ್ನು ಹಸಿರು ಕವಲಿನ ಮೇಲಿಂದ ಹಾಯಿಸಿ ಕೆಳಗೆ ಬಿಟ್ಟ. ಹೆಂಡತಿ ಅದನ್ನು ಬುಡಕ್ಕೆ ಸುತ್ತಿ ಹಿಡಿದಳು. ಕೊಯ್ಯುವಾಗ ಮೈ ಅಲುಗದಿರಲೆಂದು ಅವನು ಸೊಂಟದ ಪಟ್ಟಿಯನ್ನು ಒಣ ಕವಲಿನ ಸುತ್ತ ಬಳಸಿ ಬಿಗಿದುಕೊಂಡ, ಕಿವಿಗೆ ಮುಚ್ಚಳ ಹಾಕಿಕೊಂಡ.

ಅರ್ಧ ಕೊಯ್ದು ಬೆರಳು ತೆಗೆದು, ಬೆವರು ಒರೆಸಲು ಒಂದು ಕಿವಿಯ ಮುಚ್ಚಳ ಸರಿಸಿದ.

ಆಗ ಕೇಳಿತು.

ಮೊದಲು ಅದು ತನ್ನೊಳಗಿನದೇ ಅನ್ನಿಸಿತು, ಮಂಡಿಯಲ್ಲೋ ಎದೆಯಲ್ಲೋ. ಆಮೇಲೆ ಒರಗಿದ್ದ ತೊಡೆಗೆ ತಾಗಿತು. ಮರದ ಒಳಗೆ, ತುಂಬ ಆಳದಲ್ಲಿ, ಏನೋ ಬಲು ನಿಧಾನವಾಗಿ ಬಿಡಿಸಿಕೊಳ್ಳುತ್ತಿತ್ತು. ಒಂದು ಎಳೆ, ತಡೆದು ಇನ್ನೊಂದು ಎಳೆ, ಆಮೇಲೆ ಒಟ್ಟಿಗೆ ಹತ್ತಾರು. ಮುರಿಯುವ ಸದ್ದಲ್ಲ ಅದು. ಬಹಳ ಹೊತ್ತು ಮಂಡಿಯೂರಿ ಕೂತಿದ್ದ ದೊಡ್ಡ ಜೀವವೊಂದು ಏಳಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಸದ್ದು. ಇಷ್ಟು ವರ್ಷ ಇಷ್ಟು ಮರ ಕಡಿದಿದ್ದ. ಪ್ರತಿಯೊಂದೂ ಹೀಗೆ ಮಾತಾಡಿರಬೇಕು. ಪ್ರತಿ ಸಲವೂ ತಾನು ಅದರ ಮುಖದ ಮೇಲೆ ಗರಗಸದ ಬಾಯಿಟ್ಟು ಅಬ್ಬರಿಸಿದ್ದ. ರೇಡಿಯೊನ ತೋಳಿನ ಕೂದಲೆಲ್ಲ ನಿಂತವು. ಅಲ್ಲಾಡುವುದೂ ಮರೆತುಹೋಯಿತು.

"ರೀ."

ಕೂಗಲ್ಲ. ಮನೆಯಲ್ಲಿ ಲೋಟ ಇಸಿದುಕೊಳ್ಳಲು ಕರೆಯುವಾಗಿನ ದನಿ.

"ಕವಲು ಕೂಡೋ ಜಾಗದಲ್ಲಿ ಸೀಳ್ತಾ ಇದೆ. ಪಟ್ಟಿ ಬಿಚ್ಚಿ. ಹಸಿರು ಕಡೆಗೆ ಬನ್ನಿ."

ಅವನು ಗರಗಸವನ್ನು ಸೊಂಟಕ್ಕೆ ತೂಗುಹಾಕಿ ಪಟ್ಟಿಯ ಕೊಂಡಿ ಬಿಚ್ಚಿದ. ಕಾಲಿನಿಂದ ತಳ್ಳಿಕೊಂಡು ಮುಖ್ಯ ಹಗ್ಗದ ಮೇಲೆ ಜೀಕಿ, ಹಸಿರು ಕವಲನ್ನು ಎರಡು ಕೈಯಲ್ಲೂ ತಬ್ಬಿದ. ಅವನ ಹಿಂದೆ ಒಣ ಕವಲು ಬುಡದವರೆಗೆ ತೆರೆದುಕೊಂಡಿತು. ಈಗಷ್ಟೇ ಅವನ ಸೊಂಟವನ್ನು ಬಿಗಿದಿದ್ದ ಜಾಗ ಎರಡು ಹೋಳಾಗಿ ಅಗಲವಾಯಿತು. ಪಟ್ಟಿ ಅಲ್ಲಿಯೇ ಇದ್ದಿದ್ದರೆ ಆ ಅಗಲಕ್ಕೆ ನಡು ಮುರಿಯುತ್ತಿತ್ತು. ಒಳಗಿನ ಕೆಂಪು ತಿರುಳಿಗೆ, ಅದು ಹುಟ್ಟಿದಾಗಿನಿಂದ ಮೊದಲ ಸಲ, ಬಿಸಿಲು ಬಿತ್ತು. ಕವಲು ಮಾಡಿನತ್ತ ವಾಲಿ, ಹಗ್ಗ ಬಿಗಿದು, ತಡೆದು, ಇಳಿಯತೊಡಗಿತು. ಬುಡದ ಸುತ್ತಿನಲ್ಲಿ ಹಗ್ಗ ಬುಸುಗುಟ್ಟಿತು. ಹೆಂಡತಿ ಹಿಮ್ಮಡಿ ನೆಲಕ್ಕೆ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ, ಹಗ್ಗವನ್ನು ಗೇಣು ಗೇಣಾಗಿ ಬಿಡುತ್ತ ಹೋದಳು. ಅಷ್ಟು ದೊಡ್ಡದು ಹಿತ್ತಲಲ್ಲಿ ಮಲಗಿದಾಗ ಎದ್ದದ್ದು ಒಂದಿಷ್ಟು ಧೂಳು ಮಾತ್ರ. ಒಂದು ಹೆಂಚೂ ಅಲುಗಲಿಲ್ಲ.

ಕೆಳಗಿಳಿದ ರೇಡಿಯೊ ಸೀಳಿದ ಜಾಗಕ್ಕೆ ಅಂಗೈಯಿಟ್ಟು ನಿಂತ. ಅಂಚೆ ಮಾಸ್ತರರು ಓಡಿಬಂದರು.

"ಶ್ಶಬ್ಬಾಷ್! ಅದೇನದು ಸ್ಸದ್ದು ಬಂತಲ್ಲ, ಸ್ಸೀಳೋಕೆ ಮುಂಚೆ? ನಮ್ಗೂ ಸ್ಸಣ್ಣಗೆ ಕೇಳಿಸ್ಸ್ತು. ಎಲ್ಲಿ, ಒಂದ್ಸ್ಸಲ ಮಾಡಿ ತೋರಿಸ್ಸು!"

ರೇಡಿಯೊ ಬಾಯಿ ತೆರೆದ. ನಾಲಿಗೆ ಅಂಗುಳ ಮುಟ್ಟಿತು. ಮತ್ತೆ ಬಾಯಿ ಮುಚ್ಚಿದ.

"ಅದು ನಂಗೆ ಬರಲ್ಲ ಸ್ವಾಮಿ," ಎಂದ.

"ಏನ್ರೀ, ರೇಡಿಯೊದ್ದು ಬ್ಯಾಟರಿ ಮುಗೀತಾ?" ಎಂದಳು ಹೆಂಡತಿ. ಅವನು ಅವಳತ್ತ ತಿರುಗಿದ, ಮರದತ್ತ ನೋಡಿದ ಅದೇ ಕಣ್ಣಲ್ಲಿ. ಅವಳಿಗೆ ನಾಚಿಕೆಯಾಗಿ, ಕೆಂಪಾದ ಅಂಗೈಗಳನ್ನು ಊದಿಕೊಂಡಳು.

"ಇನ್ನೊಂದ್ಸಲ ಕರಿ," ಎಂದ.

"ಯಾಕೆ?"

"ಸುಮ್ನೆ."

"ಸುಮ್ಸುಮ್ನೆ ಕರೆಯೋಕೆ ನಂಗೇನು ಬೇರೆ ಕೆಲ್ಸ ಇಲ್ವಾ? ಇನ್ನೂ ಆ ಮೋಟು ಉಳಿದಿದೆ, ಹತ್ತಿ," ಎಂದು ಅವಳು ನೆಲದಿಂದ ಹಗ್ಗ ಎತ್ತಿಕೊಂಡು, ಬುಡಕ್ಕೆ ಹೊಸ ಸುತ್ತು ಹಾಕತೊಡಗಿದಳು.