ಆರ್ಡಿಸ್‌ಳ ಬಿಳಿ ಕೈಗವಸು

ನಮ್ಮ ವಿಸ್ಕಾನ್ಸಿನ್ ಕಡೆ ಎಲೆ ಉದುರಿತು ಅಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಅಕ್ಟೋಬರ್‌ನಲ್ಲಿ ಬಣ್ಣದ ಎಲೆ ನೋಡಲು ಸ್ಟೇಟ್ ಪಾರ್ಕಿಗೆ ಮುಗಿಬೀಳುವವರು ನವೆಂಬರ್ ಬಂತೆಂದರೆ ಒಬ್ಬರೂ ಇಲ್ಲ. ನಾನು ಬರ್ನಡೀನ್. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಈಗ ಆ ಪಾರ್ಕಿನ ಗೇಟಿನಲ್ಲಿ ಕೂತು ದಾರಿ ಹೇಳುತ್ತೇನೆ. ಎಲೆ ಉದುರಿದ ಕೂಡಲೇ ಓಡುವ ಇವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೋಡುವಂಥದ್ದು ಬರುವುದೇ ಆಮೇಲೆ, ಅಷ್ಟರಲ್ಲಿ ಇವರು ಸೋಫಾ ಸೇರಿರುತ್ತಾರೆ.

ನನ್ನ ಪಕ್ಕದ ಮನೆ ಆರ್ಡಿಸ್‌ದು. ಅವಳ ನೋಟದ ನಡುಭಾಗ ಮಸುಕಾಗುತ್ತಿತ್ತು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ವಸಂತದ ಹೊತ್ತಿಗೆ ಮುಖಗಳೂ ಗುರುತು ಸಿಗಲಿಕ್ಕಿಲ್ಲ ಎಂದಿದ್ದರು ಡಾಕ್ಟರು. ಅವಳಿಗೆ ಇದ್ದದ್ದು ಒಂದೇ ಆಸೆ. ಚಳಿಗಾಲಕ್ಕೆ ಮುಂಚೆ ಉತ್ತರದಿಂದ ಬಂದು ನಮ್ಮ ಪಾರ್ಕಿನ ಪಕ್ಕದ ಮಿಸ್ಸಿಸ್ಸಿಪ್ಪಿ ನದಿಯ ಮೇಲೆ ಇಳಿಯುವ ಹಂಸಗಳನ್ನು ಒಂದು ಸಲ ನೋಡಬೇಕು. ಪ್ರತಿ ನವೆಂಬರ್ ಚೀಸ್ ಕಾರ್ಖಾನೆಯ ಪಾಳಿಯಲ್ಲೇ ಕಳೆದಿದ್ದಳು, ಪಾಪ.

ಗಂಡ ಎಲ್ರಾಯ್ ಒಪ್ಪಲೊಲ್ಲ. ಒಂದು ದಿನ ಅವರ ಮನೆಯಲ್ಲಿ ಕಾಫಿಗೆ ಕೂತಿದ್ದಾಗ ನನ್ನ ಮುಂದೆಯೇ ಮಾತು ಬಂತು.

"ಬೋಳು ಮರ ನೋಡೋಕೆ ಯಾರಾದ್ರೂ ಹೋಗ್ತಾರೇನೇ? ವಸಂತ ಬರ್ಲಿ, ಕರ್ಕೊಂಡು ಹೋಗ್ತೀನಿ."

"ವಸಂತಕ್ಕೆ ಹಂಸ ಬರುತ್ತೆ ಎಲ್ರಾಯ್. ನನ್ನ ಕಣ್ಣು ಇರುತ್ತಾ?"

ಅವನು ಕಾಫಿ ಲೋಟ ಕೆಳಗಿಟ್ಟ. "ಸರಿ, ಭಾನುವಾರ ಊಟ ಮಾಡಿ, ನಿದ್ದೆ ತೆಗೆದು, ನಾಲ್ಕಕ್ಕೆ ಹೋಗೋಣ."

"ಅಯ್ಯೋ ಮಾರಾಯ! ಚಳಿಗಾಲಕ್ಕೆ ಅಂತ ಊರೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದು ಮರೆತ್ಯಾ? ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ. ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ಗೇಟಿಗೆ ಬನ್ನಿ. ಎಲ್ಲಿಗೆ ಹೋಗ್ತೀವಿ, ಎಷ್ಟೊತ್ತಿಗೆ ಬರ್ತೀವಿ ಅಂತ ನಿಮ್ಮ ಮಗಳಿಗೂ ಹೇಳಿರಿ," ಎಂದೆ ನಾನು.

ಹತ್ತಕ್ಕೆ ಬಂದರು. ನೋಡಿದರೆ, ಎಲ್ರಾಯ್‌ಗೆ ಕಂದು ಕೋಟು. ಆರ್ಡಿಸ್‌ಗೆ ಬಿಳಿ ಟೋಪಿ, ಬಿಳಿ ಕೈಗವಸು. ಚರ್ಚಿನ ಮಾರಾಟಕ್ಕೆಂದು ಪ್ರತಿ ವರ್ಷ ಅವಳು ಹೆಣೆಯುವುದೇ ಬಿಳಿ ಉಣ್ಣೆಯಲ್ಲಿ.

"ನಿನ್ನೆಯಿಂದ ಪಾರ್ಕಿನಲ್ಲೂ ಜಿಂಕೆ ಬೇಟೆಗೆ ಬಿಟ್ಟಿದ್ದಾರೆ, ಗೊತ್ತಿಲ್ವಾ?" ಎಂದೆ.

"ಬೇಟೆಯವ್ರು ಬೇಟೆ ಆಡ್ಲಿ. ನಾವು ನಡೆಯೋಕೆ ಬಂದಿದ್ದೀವಿ," ಎಂದ ಎಲ್ರಾಯ್. ಅವನಿಗೆ ಮೀನು ಹಿಡಿಯುವುದು ಗೊತ್ತೇ ಹೊರತು ಬಂದೂಕು ಗೊತ್ತಿಲ್ಲ.

"ನಿನ್ನ ಕೋಟು ಜಿಂಕೆ ಮೈ ಬಣ್ಣ. ನಮ್ಮ ಜಿಂಕೆ ಓಡುವಾಗ ಬಾಲ ಎತ್ತುತ್ತೆ, ಅದರಡಿ ಬೆಳ್ಳಗಿರುತ್ತೆ. ಇವಳು ಪೊದೆ ಹಿಂದೆ ಕೈ ಬೀಸಿದ್ರೆ ಅದೇ ಥರ ಕಾಣಲ್ವಾ?"

ಬೇಟೆಗಾರರಿಗೆ ದೂರದಿಂದಲೇ ಮನುಷ್ಯರೆಂದು ತಿಳಿಯಲಿ ಎಂದು ಇಬ್ಬರಿಗೂ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ತಂದುಕೊಟ್ಟೆ.

"ರಸ್ತೆ ರಿಪೇರಿಯವನ ಥರ ಕಾಣ್ತೀನಿ ಕಣೇ," ಎಂದ ಎಲ್ರಾಯ್.

"ಹಾಕ್ಕೋ ಸುಮ್ನೆ, ನಿನ್ನ ಮದುವೆ ಆಗಿ ಬಹಳ ವರ್ಷ ಆಯ್ತು. ಇನ್ಯಾರಿಗೆ ಚೆಂದ ಕಾಣ್ಬೇಕು?" ಎಂದೆ.

ಆರ್ಡಿಸ್ ನಗುತ್ತಾ ಬಿಳಿ ಟೋಪಿ, ಕೈಗವಸು ಜೇಬಿಗೆ ತುರುಕಿಕೊಂಡಳು. ಗೇಟನ್ನು ರೇಂಜರ್‌ಗೆ ಒಪ್ಪಿಸಿ ನಾನೂ ಹೊರಟೆ. ಬೇಟೆಗೆ ಬಿಟ್ಟಿರುವ ಜಾಗಗಳನ್ನು ನಕ್ಷೆಯಲ್ಲಿ ನೋಡಿ, ಅವುಗಳಿಂದ ದೂರದ ದಾರಿಯನ್ನೇ ಹಿಡಿದೆವು.

ಬೇಸಿಗೆಯಲ್ಲಿ ಎಲೆ ಮರೆಮಾಡುವ ನದಿ ಈಗ ಉದ್ದಕ್ಕೂ ತೆರೆದುಕೊಂಡಿತ್ತು. ಮರದ ತುದಿಯಲ್ಲಿ ಹದ್ದಿನ ಗೂಡು, ಮಂಚದಷ್ಟು ದೊಡ್ಡದು. ಗುಡ್ಡ ಹತ್ತುತ್ತಿದ್ದಂತೆ ಗದ್ದಲ ಕೇಳಿಸಿತು. ಇಡೀ ಊರು ಒಟ್ಟಿಗೆ ಮಾತಾಡಿದ ಹಾಗೆ.

ಮೇಲೆ ಬಂದೆವು. ಅಬ್ಬಾ! ನೀರು ಕಾಣದಷ್ಟು ಹಂಸಗಳು. ಸಾವಿರ, ಇನ್ನೂ ಸಾವಿರ. ನಾನು ಎಷ್ಟೋ ಸಲ ನೋಡಿದ್ದೇನೆ, ಆದರೂ ಮತ್ತೆ ಎಣಿಸಲು ಹೊರಟೆ.

ಆರ್ಡಿಸ್ ನೇರ ನೋಡಿದಳು. ಕಾಣಲಿಲ್ಲ. ಮೆಲ್ಲಗೆ ಮುಖ ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿನಲ್ಲಿ ನೋಡಿದಳು. ಅಷ್ಟರಲ್ಲಿ ಒಂದು ಹಿಂಡು ಎದ್ದು ನಮ್ಮ ತಲೆಯ ಮೇಲೇ ಹಾರಿತು. ರೆಕ್ಕೆಯ ಗಾಳಿ ಕೆನ್ನೆಗೆ ತಾಗಿದ ಹಾಗನ್ನಿಸಿತು.

"ಕಂಡೆ!" ಎಂದು ಕೂಗಿ ಗಳಗಳನೆ ಅತ್ತಳು.

ಎಲ್ರಾಯ್ ಟೋಪಿ ತೆಗೆದು ಎದೆಗೆ ಹಿಡಿದಿದ್ದ. "ಇಷ್ಟು ವರ್ಷ ಇದು ಇಲ್ಲೇ ಇತ್ತಾ?"

"ಇಲ್ಲೇ ಇತ್ತು. ಟೋಪಿ ಹಾಕ್ಕೋ," ಎಂದೆ.

ಇಳಿದು ಬರುವಾಗ ದಾರಿಯಂಚಿನಲ್ಲಿ ಬೇಟೆಗಾರನೊಬ್ಬ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಜಿಂಕೆ ಬೆನ್ನು ಹತ್ತಿ ದಾರಿ ತಪ್ಪಿ ಈ ಕಡೆ ಬಂದೆ. ಪೊದೆ ಹಿಂದೆ ಏನೋ ಅಲ್ಲಾಡ್ತು, ಬಂದೂಕು ಎತ್ತಿದ್ದೆ. ಕಿತ್ತಳೆ ಕಾಣಿಸ್ತು, ಇಳಿಸ್ಬಿಟ್ಟೆ. ನೀವೇ ಅಲ್ವಾ?"

ಎಲ್ರಾಯ್ ತಲೆಯ ಮೇಲಿನ ಕಿತ್ತಳೆ ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡ. ಹೆಂಡತಿಯ ಕೈ ಹಿಡಿದವನು ಕಾರಿನವರೆಗೂ ಬಿಡಲಿಲ್ಲ. ಮರುದಿನ ತಾನೇ ಹೋಗಿ ಕಿತ್ತಳೆ ಉಣ್ಣೆ ತಂದುಕೊಟ್ಟ. ಈಗ ಆರ್ಡಿಸ್ ಬೆರಳಿನಿಂದಲೇ ತಡವಿ ಹೆಣೆಯುತ್ತಾಳೆ, ಎಲ್ಲವೂ ಕಿತ್ತಳೆ. ಅವಳು ಹೆಣೆದ ಕೈಗವಸು ನಮ್ಮ ಗೇಟಿನಲ್ಲೇ ಸಿಗುತ್ತದೆ.

ಓದುತ್ತಿರುವ ನಿಮಗೆ ಹೇಳುತ್ತಿದ್ದೇನೆ. ಕಿತ್ತಳೆ ತೊಡಿ, ನಿಮ್ಮ ನಾಯಿಗೂ ತೊಡಿಸಿ. ಬೇಟೆಯ ದಿನ ಯಾವುದು, ಜಾಗ ಯಾವುದು ಎಂದು ಗೇಟಿನಲ್ಲಿ ಕೇಳಿ. ಬೇಗ ಹೊರಟು ಬೆಳಕಿರುವಾಗಲೇ ಮನೆ ಸೇರಿ. ಆದರೆ ಬನ್ನಿ, ವಸಂತ ಬರಲಿ ಎಂದು ಕೂರಬೇಡಿ. ಹಂಸ ನೋಡಿ ಬಂದ ಮುಂದಿನ ವಸಂತದಲ್ಲಿ ಆರ್ಡಿಸ್ ನನ್ನ ಕೆನ್ನೆ ಮುಟ್ಟಿ ಹೇಳಿದ್ದು ಇಷ್ಟೇ: "ನಿನ್ನ ಮುಖ ಹೋಯ್ತು ಬರ್ನಡೀನ್. ಹಂಸಗಳು ಮಾತ್ರ ಇನ್ನೂ ಕಾಣ್ತಿವೆ."